ಡೇಟಾಬೇಸ್ ಬ್ಯಾಕಪ್‌ಗೆ ಎನ್‌ಎಫ್‌ಎಸ್ ಸ್ಟೋರೇಜ್: ಹೊಂದಿಸುವುದು, ಅಳೆಯುವುದು, ಕಣ್ಣಿಡುವುದು

ಬ್ಯಾಕಪ್ ಸ್ಟೋರೇಜ್ ಕೆಟ್ಟರೆ ಅಂದೇ ಯಾರಿಗೂ ಗೊತ್ತಾಗುವುದಿಲ್ಲ. ಡೇಟಾಬೇಸ್ ಎಂದಿನಂತೆ ಓಡುತ್ತಿರುತ್ತದೆ, ಬಳಕೆದಾರರಿಂದ ದೂರು ಬರುವುದಿಲ್ಲ, ಕ್ರಾನ್ ಕೆಲಸ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಸ್ಕ್ರಿಪ್ಟ್) ರಾತ್ರಿ ಎರಡಕ್ಕೆ ಶುರುವಾಗಿ ಮುಗಿದಂತೆ ಕಾಣುತ್ತದೆ. ಹುಳುಕು ಹೊರಬೀಳುವುದು ಡೇಟಾ ವಾಪಸ್ ಬೇಕಾದ ದಿನ. ಹಾಗಾಗಿ ಇಲ್ಲಿನ ಪ್ರತಿ ಸೆಟ್ಟಿಂಗನ್ನೂ ಮೊದಲು ಒಂದೇ ಪ್ರಶ್ನೆಯಿಂದ ತೂಗಿದೆ: ಇದು ಕೆಟ್ಟಾಗ ಸದ್ದು ಮಾಡುತ್ತದೆಯೇ? ವೇಗ ಆಮೇಲಿನ ಮಾತು.

ಉದಾಹರಣೆಗೆ ಎರಡು ಲಿನಕ್ಸ್ ಯಂತ್ರಗಳನ್ನು ಇಟ್ಟುಕೊಳ್ಳೋಣ. 10.0.5.21 ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್, 10.0.5.10 ಸ್ಟೋರೇಜ್ ಸರ್ವರ್. ಎರಡರ ನಡುವೆ ಎನ್‌ಎಫ್‌ಎಸ್, ಅಂದರೆ ಒಂದು ಯಂತ್ರದ ಡೈರೆಕ್ಟರಿಯನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರ (ಕ್ಲೈಂಟ್) ತನ್ನದರಂತೆ ಬಳಸುವ ವ್ಯವಸ್ಥೆ; ಹಾಗೆ ಜೋಡಿಸಿಕೊಳ್ಳುವುದಕ್ಕೆ ಮೌಂಟ್ ಎಂದು ಹೆಸರು. ಆಜ್ಞೆಗಳನ್ನೂ ಆಯ್ಕೆಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಅವುಗಳ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು ಎಂದು ಬೇರೆ ಹೇಳಬೇಕಿಲ್ಲ.

ಮೊದಲು ಲೆಕ್ಕ

ಡಿಸ್ಕ್ ಕೊಳ್ಳುವ ಮೊದಲು ಎರಡು ಲೆಕ್ಕ ಹಾಕಿ: ಎಷ್ಟು ಹೊತ್ತು, ಎಷ್ಟು ಜಾಗ.

1 ಗಿಗಾಬಿಟ್ ನೆಟ್‌ವರ್ಕ್ ಎಂದರೆ ಕಾಗದದ ಮೇಲೆ ಸೆಕೆಂಡಿಗೆ 125 ಎಂಬಿ. ಹೆಡರ್‌ಗಳ ಹೊರೆ ಕಳೆದು ಕೈಗೆ ಸಿಗುವುದು ಸುಮಾರು 110. 500 ಜಿಬಿ ಬ್ಯಾಕಪ್ ಇದರಲ್ಲಿ ಹಾಯಲು 4,500 ಸೆಕೆಂಡಿಗೆ ಸ್ವಲ್ಪ ಹೆಚ್ಚು, ಅಂದರೆ ಒಂದೂಕಾಲು ಗಂಟೆ ಬೇಕು. ರಾತ್ರಿ ಹೊತ್ತು ಇದು ಯಾರಿಗೂ ಭಾರವಲ್ಲ. ಆದರೆ ರಿಸ್ಟೋರ್ ಕೂಡ ಇದೇ ದಾರಿಯಲ್ಲಿ ವಾಪಸ್ ಬರಬೇಕು, ಅದರ ಮೇಲೆ ವಾಲ್ ಫೈಲ್‌ಗಳನ್ನು (ಪ್ರತಿ ಬದಲಾವಣೆಯನ್ನೂ ಪೋಸ್ಟ್‌ಗ್ರೆಸ್ ಮೊದಲು ಬರೆದಿಡುವ ದಾಖಲೆ) ಮತ್ತೆ ಆಡಿಸುವ ಸಮಯ ಬೇರೆ. ಅಷ್ಟು ಹೊತ್ತು ಸೇವೆ ನಿಂತರೆ ಸಹಿಸಲಾಗದು ಎಂದಾದರೆ ಖರ್ಚು ಮಾಡಬೇಕಾದ್ದು 10 ಗಿಗಾಬಿಟ್ ಕಾರ್ಡಿಗೆ, ದುಬಾರಿ ಎಸ್‌ಎಸ್‌ಡಿಗಲ್ಲ. 10 ಗಿಗಾಬಿಟ್ ಬಂದ ಮೇಲೆ ಅಡ್ಡಿ ತಾನಾಗಿಯೇ ಡಿಸ್ಕ್‌ಗೆ ಸರಿಯುತ್ತದೆ.

ಜಾಗದ ಲೆಕ್ಕದಲ್ಲಿ ಬಹುತೇಕ ಎಲ್ಲರೂ ಒಂದು ಪ್ರತಿ ಕಡಿಮೆ ಎಣಿಸುತ್ತಾರೆ. ಅದೇ 500 ಜಿಬಿ ಡೇಟಾಬೇಸ್ ಕಂಪ್ರೆಸ್ ಆಗಿ 200 ಜಿಬಿ ಆಗುತ್ತದೆ, ವಾರಕ್ಕೊಂದು ಪೂರ್ಣ ಬ್ಯಾಕಪ್, ನಾಲ್ಕು ಉಳಿಸಬೇಕು ಎಂದುಕೊಳ್ಳಿ. ಬೇಕಾದ್ದು 800 ಜಿಬಿ ಅಲ್ಲ, 1,000. ಹೊಸದು ಪೂರ್ತಿ ಬರೆದು ಪರೀಕ್ಷೆ ಮುಗಿಯುವವರೆಗೆ ಹಳೆಯದನ್ನು ಅಳಿಸುವಂತಿಲ್ಲ. ಐದು ಪ್ರತಿಗಳು ಒಟ್ಟಿಗೆ ಇರುವ ಗಳಿಗೆ ಪ್ರತಿ ವಾರವೂ ಬರುತ್ತದೆ. ವಾಲ್ ದಿನಕ್ಕೆ 30 ಜಿಬಿ ಬರುತ್ತಿದ್ದರೆ 35 ದಿನಕ್ಕೆ 1,050 ಜಿಬಿ. 28 ಸಾಲದೇ ಎಂದರೆ, ಒಂದು ವಾರದ ಪೂರ್ಣ ಬ್ಯಾಕಪ್ ಕೈಕೊಟ್ಟರೂ ಹಳೆಯದು ಬಳಕೆಗೆ ಬರುವಂತಿರಲಿ ಎಂದು ಒಂದು ವಾರ ಹೆಚ್ಚು. ಒಟ್ಟು ಸುಮಾರು 2 ಟಿಬಿ, ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದೆಂದರೆ 2.75 ಟಿಬಿ.

ಕಂಪ್ರೆಶನ್ ಪ್ರಮಾಣವನ್ನು ಊಹಿಸಬೇಡಿ, ನಿಮ್ಮದೇ ಡೇಟಾವನ್ನು ಒಮ್ಮೆ ಒತ್ತಿ ನೋಡಿ. ಟೇಬಲ್‌ಗಳಲ್ಲಿ ಚಿತ್ರ, ಪಿಡಿಎಫ್ ತುಂಬಿದ್ದರೆ ಅದು ಹೆಚ್ಚು ಕುಗ್ಗುವುದೇ ಇಲ್ಲ. ಇನ್ನೊಂದು ಸಂಗತಿ: ವಾಲ್ ಫೈಲ್ ಒಂದೊಂದೂ 16 ಎಂಬಿ. ಆರ್ಕೈವ್_ಟೈಮ್‌ಔಟ್ (ವಾಲ್ ಫೈಲ್ ತುಂಬದಿದ್ದರೂ ಕಳಿಸಿಬಿಡುವ ಗಡುವು) 60 ಸೆಕೆಂಡ್ ಇಟ್ಟರೆ ನಿಮಿಷಕ್ಕೊಂದರಂತೆ ದಿನಕ್ಕೆ 1,440 ಫೈಲ್, 23 ಜಿಬಿ. ಡೇಟಾಬೇಸ್‌ನಲ್ಲಿ ನಿಮಿಷಕ್ಕೊಂದು ಸಾಲು ಸೇರಿದರೂ ಸಾಕು, ಇಷ್ಟು ತುಂಬುತ್ತದೆ. ಅರ್ಧ ಖಾಲಿಯಿರುವ ಇಂಥ ಫೈಲ್‌ಗಳು ಒತ್ತಿದರೆ ಚೆನ್ನಾಗಿ ಕುಗ್ಗುತ್ತವೆ, ಒತ್ತಿಯೇ ಕಳಿಸಿ.

ಸ್ಟೋರೇಜ್ ಸರ್ವರ್

ಬ್ಯಾಕಪ್‌ಗೆ ಪ್ರತ್ಯೇಕ ಫೈಲ್ ಸಿಸ್ಟಮ್ ಕೊಡಿ. ರೂಟ್ ಡಿಸ್ಕ್‌ನಲ್ಲೇ ಒಂದು ಡೈರೆಕ್ಟರಿ ಮಾಡಿಕೊಟ್ಟರೆ ತುಂಬಿದ ದಿನ ಸರ್ವರೇ ಮಲಗುತ್ತದೆ. ಎಕ್ಸ್‌ಎಫ್‌ಎಸ್ ಆದರೂ ಸರಿ, ಜೆಡ್‌ಎಫ್‌ಎಸ್ ಆದರೂ ಸರಿ. ಕೆಳಗೆ ಎರಡು ಡಿಸ್ಕ್ ಹೋದರೂ ತಾಳುವ ರೇಡ್ 6 ಅಥವಾ ರೇಡ್‌ಜೆಡ್2 ಎಂಬ ಹಲವು ಡಿಸ್ಕ್‌ಗಳ ಜೋಡಣೆ. ಡಿಸ್ಕ್ ಕೊಳ್ಳುವಾಗ ಅದು ಎಸ್‌ಎಂಆರ್ ಮಾದರಿ ಅಲ್ಲವೆಂದು ಖಚಿತಪಡಿಸಿಕೊಳ್ಳಿ. ಅವುಗಳಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಹೆಂಚಿನಂತೆ ಕೂತಿರುತ್ತವೆ. ಸಣ್ಣ ಬರಹಕ್ಕೆ ಪರವಾಗಿಲ್ಲ. ಗಂಟೆಗಟ್ಟಲೆ ಬರೆದಾಗ ಅಥವಾ ರೇಡ್ ಮರುಕಟ್ಟುವಾಗ ವೇಗ ನೆಲಕಚ್ಚುತ್ತದೆ.

ಜೆಡ್‌ಎಫ್‌ಎಸ್ ಆದರೆ ರೆಕಾರ್ಡ್‌ಸೈಜ್ 1 ಎಂಬಿ ಇಡಿ, ಕಂಪ್ರೆಶನ್‌ಗೆ ಎಲ್‌ಜೆಡ್4. ಮೊದಲೇ ಒತ್ತಿದ ಫೈಲ್ ಬಂದರೆ ಎಲ್‌ಜೆಡ್4 ಬೇಗನೆ ಕೈಬಿಡುತ್ತದೆ, ನಷ್ಟವಿಲ್ಲ. ಆದರೆ ಜೆಡ್‌ಎಫ್‌ಎಸ್‌ನ ನಿಜವಾದ ಲಾಭ ಸ್ನ್ಯಾಪ್‌ಶಾಟ್, ಅಂದರೆ ಆ ಗಳಿಗೆಯ ಫೈಲ್‌ಗಳ ಬದಲಿಸಲಾಗದ ಚಿತ್ರ. ಡೇಟಾಬೇಸ್ ಸರ್ವರ್‌ಗೆ ಯಾರಾದರೂ ನುಗ್ಗಿದರೆ ಮೌಂಟ್ ಆಗಿರುವ ಬ್ಯಾಕಪ್‌ಗಳನ್ನೂ ಅಳಿಸಬಲ್ಲರು, ಗೂಢಲಿಪಿ ಮಾಡಿಬಿಡಬಲ್ಲರು. ಸ್ಟೋರೇಜ್ ಸರ್ವರ್ ತಾನೇ ತೆಗೆದ ಸ್ನ್ಯಾಪ್‌ಶಾಟನ್ನು ಎನ್‌ಎಫ್‌ಎಸ್ ಕ್ಲೈಂಟ್ ಮುಟ್ಟಲಾರದು. ದಿನಕ್ಕೊಂದು ತೆಗೆದು ಎರಡು ವಾರ ಉಳಿಸಿದರೆ ದೊಡ್ಡ ಅನಾಹುತ ತಪ್ಪುತ್ತದೆ. ಅಳಿಸಿದ ಫೈಲ್‌ಗಳ ಜಾಗ ಸ್ನ್ಯಾಪ್‌ಶಾಟ್ ಹೋಗುವವರೆಗೆ ವಾಪಸ್ ಬರುವುದಿಲ್ಲ, ಮೇಲಿನ ಜಾಗದ ಲೆಕ್ಕಕ್ಕೆ ಇದನ್ನೂ ಸೇರಿಸಿ.

ಈಗ /ಇಟಿಸಿ/ಎಕ್ಸ್‌ಪೋರ್ಟ್ಸ್ ಫೈಲ್‌ಗೆ ಒಂದು ಸಾಲು:

/ಎಸ್‌ಆರ್‌ವಿ/ಬ್ಯಾಕಪ್/ಡಿಬಿ1 10.0.5.21(ಆರ್‌ಡಬ್ಲ್ಯೂ,ಸಿಂಕ್,ನೋ_ಸಬ್‌ಟ್ರೀ_ಚೆಕ್,ರೂಟ್_ಸ್ಕ್ವಾಶ್)

ವಿಳಾಸಕ್ಕೂ ಆವರಣಕ್ಕೂ ನಡುವೆ ಸ್ಪೇಸ್ ಬಿಡಬಾರದು. ಒಂದೇ ಒಂದು ಸ್ಪೇಸ್ ಬಿದ್ದರೆ ಅರ್ಥವೇ ತಿರುಗಿ, ಆ ವಿಳಾಸಕ್ಕೆ ಬರೀ ಓದುವ ಅನುಮತಿ, ಉಳಿದ ಜಗತ್ತಿಗೆಲ್ಲ ಬರೆಯುವ ಅನುಮತಿ ಸಿಗುತ್ತದೆ. ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ ಕೊಟ್ಟ ಮೇಲೆ ಎಕ್ಸ್‌ಪೋರ್ಟ್‌ಎಫ್‌ಎಸ್ -ವಿ ಕೊಟ್ಟು, ಸರ್ವರ್ ಏನು ಅರ್ಥ ಮಾಡಿಕೊಂಡಿದೆ ಎಂದು ಓದಿ ನೋಡುವುದು ಇದಕ್ಕೇ.

ಸಿಂಕ್ ಬದಲು ಅಸಿಂಕ್ ಹಾಕಿದರೆ ವೇಗ ಕಣ್ಣು ಕುಕ್ಕುವಂತೆ ಏರುತ್ತದೆ. ಕಾರಣ ಸರಳ: ಡಿಸ್ಕ್ ಮುಟ್ಟುವ ಮೊದಲೇ ಸರ್ವರ್ "ಬರೆದಾಯಿತು" ಎಂದು ಸುಳ್ಳು ಹೇಳುತ್ತದೆ. ಆ ಹೊತ್ತಿಗೆ ಕರೆಂಟ್ ಹೋದರೆ ಬ್ಯಾಕಪ್ ಸ್ಕ್ರಿಪ್ಟ್‌ನ ಲಾಗ್‌ನಲ್ಲಿ ಯಶಸ್ಸು, ಫೈಲ್‌ನಲ್ಲಿ ತೂತು. ಬ್ಯಾಕಪ್‌ಗೆ ಇದು ಬೇಡವೇ ಬೇಡ.

ಬಳಕೆದಾರರ ಗುರುತಿನ ಸಂಖ್ಯೆ, ಅಂದರೆ ಯುಐಡಿ, ಎಲ್ಲರೂ ಒಮ್ಮೆಯಾದರೂ ಎಡವುವ ಕಲ್ಲು. ಸಾಮಾನ್ಯ ಸೆಕ್=ಸಿಸ್ ವಿಧಾನದಲ್ಲಿ ಅನುಮತಿ ತೀರ್ಮಾನವಾಗುವುದು ಹೆಸರಿನಿಂದಲ್ಲ, ಆ ಸಂಖ್ಯೆಯಿಂದ. ರೆಡ್ ಹ್ಯಾಟ್ ಬಳಗದಲ್ಲಿ ಪೋಸ್ಟ್‌ಗ್ರೆಸ್ ಬಳಕೆದಾರನ ಸಂಖ್ಯೆ 26. ಡೆಬಿಯನ್‌ನಲ್ಲಿ ಇನ್‌ಸ್ಟಾಲ್ ಆಗುವಾಗ ಯಾವುದು ಖಾಲಿ ಇತ್ತೋ ಅದು. ಎರಡೂ ಕಡೆ ಹೆಸರು ಒಂದೇ ಇದ್ದರೂ "ಪರ್ಮಿಷನ್ ಡಿನೈಡ್" ಬರುವುದು ಇದರಿಂದ. ಸಂಖ್ಯೆಗಳನ್ನು ಸಮ ಮಾಡಿ, ಇಲ್ಲವೇ ಎಕ್ಸ್‌ಪೋರ್ಟ್ ಸಾಲಿನಲ್ಲಿ ಆಲ್_ಸ್ಕ್ವಾಶ್ ಜೊತೆ ಆನ್‌ಯುಐಡಿ, ಆನ್‌ಜಿಐಡಿ ಕೊಟ್ಟು ಎಲ್ಲವನ್ನೂ ಒಬ್ಬನೇ ಬಳಕೆದಾರನ ಹೆಸರಿಗೆ ಇಳಿಸಿ. ಸಿಟ್ಟಿನಲ್ಲಿ ನೋ_ರೂಟ್_ಸ್ಕ್ವಾಶ್ (ಕ್ಲೈಂಟ್‌ನ ರೂಟ್‌ಗೆ ಇಲ್ಲೂ ರೂಟ್ ಅಧಿಕಾರ) ಹಾಕಿ ಕೈತೊಳೆದುಕೊಳ್ಳಬೇಡಿ.

ಎನ್‌ಎಫ್‌ಎಸ್ 4 ಆದರೆ ಫೈರ್‌ವಾಲ್‌ನಲ್ಲಿ ಟಿಸಿಪಿ 2049 ಒಂದೇ ಸಾಕು. 3ನೇ ಆವೃತ್ತಿಗೆ 111 ಮತ್ತು ಮೌಂಟ್, ಲಾಕ್ ಸೇವೆಗಳ ಬೇರೆ ಪೋರ್ಟ್‌ಗಳೂ ಬೇಕು; ಹೊಸದಾಗಿ ಕಟ್ಟುವವರಿಗೆ ಆ ಗೋಜು ಬೇಡ. ಸೆಕ್=ಸಿಸ್‌ನಲ್ಲಿ ಡೇಟಾ ತಂತಿಯ ಮೇಲೆ ಬತ್ತಲೆಯಾಗಿಯೇ ಹೋಗುತ್ತದೆ. ಬ್ಯಾಕಪ್‌ಗೆ ಪ್ರತ್ಯೇಕ ವಿಎಲ್‌ಎಎನ್ (ಬೇರ್ಪಡಿಸಿದ ಒಳ ನೆಟ್‌ವರ್ಕ್) ಕೊಡಿ. ಅದು ಸಾಲದಿದ್ದರೆ ಕೆರ್ಬೆರೋಸ್ ಜೊತೆ ಕೆಆರ್‌ಬಿ5ಪಿ (ತಂತಿಯ ಮೇಲಿನ ಡೇಟಾವನ್ನು ಗೂಢಲಿಪಿ ಮಾಡುವ ಆಯ್ಕೆ), ಅಥವಾ ಯಂತ್ರ ಬಿಡುವ ಮೊದಲೇ ಫೈಲನ್ನು ಗೂಢಲಿಪಿ ಮಾಡುವುದು. ಎರಡನೆಯ ದಾರಿ ಹಿಡಿದರೆ ಕೀಲಿಯ ಪ್ರತಿ ಡೇಟಾಬೇಸ್ ಸರ್ವರ್ ಹೊರಗೂ ಇರಬೇಕು. ಆ ಸರ್ವರ್ ಸುಟ್ಟುಹೋದ ದಿನವೇ ಅಲ್ಲವೇ ಕೀಲಿ ಬೇಕಾಗುವುದು.

ಎನ್‌ಎಫ್‌ಎಸ್‌ಡಿ (ಸರ್ವರ್ ಕಡೆಯ ಎನ್‌ಎಫ್‌ಎಸ್ ಸೇವೆ) ಥ್ರೆಡ್‌ಗಳ ಸಂಖ್ಯೆ ಹಳೆಯ ಪ್ಯಾಕೇಜ್‌ಗಳಲ್ಲಿ 8, ಈಚಿನವುಗಳಲ್ಲಿ 16. ಒಂದೆರಡು ಕ್ಲೈಂಟ್‌ಗಳಿಗೆ ಅದೇ ಧಾರಾಳ. ಹತ್ತಾರು ಡೇಟಾಬೇಸ್‌ಗಳು ಒಟ್ಟಿಗೆ ಬರೆಯುವುದಾದರೆ /ಇಟಿಸಿ/ಎನ್‌ಎಫ್‌ಎಸ್.ಕಾನ್ಫ್ ಫೈಲ್‌ನಲ್ಲಿ 32 ಅಥವಾ 64 ಮಾಡಿ.

ಡೇಟಾಬೇಸ್ ಕಡೆಯ ಮೌಂಟ್

/ಇಟಿಸಿ/ಎಫ್‌ಎಸ್‌ಟ್ಯಾಬ್ ಸಾಲಿನಲ್ಲಿ ಕೊಡಬೇಕಾದ ಆಯ್ಕೆಗಳು: ಹಾರ್ಡ್, ಎನ್‌ಎಫ್‌ಎಸ್‌ವರ್ಸ್=4.2, ಆರ್‌ಸೈಜ್=1048576, ಡಬ್ಲ್ಯೂಸೈಜ್=1048576, ಟೈಮ್‌ಒ=600, ರೀಟ್ರಾನ್ಸ್=2, ನೋಸುಯಿಡ್, ನೋಡೆವ್, ನೋಎಕ್ಸೆಕ್, _ನೆಟ್‌ಡೆವ್, ನೋಫೇಲ್. ಟೈಮ್‌ಒ ಮೌಲ್ಯ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿರುತ್ತದೆ. 600 ಎಂದರೆ ಒಂದು ನಿಮಿಷ, ಹತ್ತಲ್ಲ.

ಹಾರ್ಡ್ ಮತ್ತು ಸಾಫ್ಟ್ ನಡುವಿನ ಆಯ್ಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಾಫ್ಟ್ ಆದರೆ ಸರ್ವರ್ ಉತ್ತರಿಸದೆ ಸಮಯ ಮೀರಿದಾಗ ಕರ್ನಲ್ ಕೈಚೆಲ್ಲಿ, ಪ್ರೋಗ್ರಾಂಗೆ ಇನ್‌ಪುಟ್ ಔಟ್‌ಪುಟ್ ದೋಷ ಕೊಡುತ್ತದೆ. ಆ ದೋಷವನ್ನು ಪ್ರೋಗ್ರಾಂ ಸರಿಯಾಗಿ ಗಮನಿಸದಿದ್ದರೆ ನಡುವೆ ಒಂದು ತುಂಡು ಕಾಣೆಯಾದ ಫೈಲ್ ಉಳಿಯುತ್ತದೆ. ಹಾರ್ಡ್ ಆದರೆ ಸರ್ವರ್ ಬರುವವರೆಗೆ ಕಾಯುತ್ತಲೇ ಇರುತ್ತದೆ. ಕರ್ನಲ್ ಲಾಗ್‌ನಲ್ಲಿ "ನಾಟ್ ರೆಸ್ಪಾಂಡಿಂಗ್" ಎಂಬ ಸಾಲು ಬೀಳುತ್ತದೆ, ಕೆಲಸ ನಿಲ್ಲುತ್ತದೆ, ಯಾರಾದರೂ ಬೈಯುತ್ತಾರೆ. ಬೈಸಿಕೊಳ್ಳುವುದೇ ಮೇಲು. ಹಳೆಯ ಬರಹಗಳಲ್ಲಿ ಕಾಣುವ ಇಂಟರ್ ಎಂಬ ಆಯ್ಕೆಯನ್ನು ಕರ್ನಲ್ 2.6.25ರಿಂದ ಈಚೆಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಿಕ್ಕಿಕೊಂಡ ಪ್ರಕ್ರಿಯೆಯನ್ನು ಸಿಗ್‌ಕಿಲ್ ಕೊಟ್ಟು ಬಿಡಿಸಬಹುದು.

ಇನ್ನೊಂದು ಗೊಂದಲ: ಎಕ್ಸ್‌ಪೋರ್ಟ್ ಸಾಲಿನ ಸಿಂಕ್ ಬೇರೆ, ಮೌಂಟ್ ಆಯ್ಕೆಯ ಸಿಂಕ್ ಬೇರೆ. ಮೊದಲನೆಯದು ಬೇಕೇ ಬೇಕು. ಎರಡನೆಯದನ್ನು ಕ್ಲೈಂಟ್‌ನಲ್ಲಿ ಹಾಕಿದರೆ ಪ್ರತಿ ಬರಹಕ್ಕೂ ಸರ್ವರ್‌ವರೆಗೆ ಹೋಗಿಬರಬೇಕಾಗಿ ಬ್ಯಾಕಪ್ ಆಮೆಯಾಗುತ್ತದೆ. ಅದಿಲ್ಲದೆಯೂ ಫೈಲ್ ಮುಚ್ಚುವಾಗ ಕ್ಲೈಂಟ್ ತನ್ನಲ್ಲಿರುವುದನ್ನೆಲ್ಲ ಸರ್ವರ್‌ಗೆ ಒಪ್ಪಿಸುತ್ತದೆ.

10 ಗಿಗಾಬಿಟ್ ಇದ್ದು ಒಂದೇ ಟಿಸಿಪಿ ಸಂಪರ್ಕ ಅದನ್ನು ತುಂಬಿಸಲಾರದೆ ಹೋದರೆ ಎನ್‌ಕನೆಕ್ಟ್=4 ಸೇರಿಸಿ ನೋಡಿ. ಕರ್ನಲ್ 5.3ರಿಂದ ಇದೆ, ಗರಿಷ್ಠ 16. 1 ಗಿಗಾಬಿಟ್‌ನಲ್ಲಿ ಇದರಿಂದ ಏನೂ ಬರುವುದಿಲ್ಲ. ಮೌಂಟ್ ಆದ ಮೇಲೆ ಎನ್‌ಎಫ್‌ಎಸ್‌ಸ್ಟಾಟ್ -ಎಂ ಕೊಟ್ಟು ನಿಜಕ್ಕೂ ಜಾರಿಯಾದ ಆಯ್ಕೆಗಳನ್ನು ನೋಡಿ; ನೀವು ಕೇಳಿದ 1 ಎಂಬಿಯನ್ನು ಸರ್ವರ್ ಸದ್ದಿಲ್ಲದೆ ಇಳಿಸಿರಬಹುದು.

ಮೌಂಟ್ ಆಗದ ಡೈರೆಕ್ಟರಿ ಎಂಬ ಗುಂಡಿ

ನೋಫೇಲ್ ಹಾಕಿದ್ದು ಸ್ಟೋರೇಜ್ ಸತ್ತಿದ್ದರೂ ಡೇಟಾಬೇಸ್ ಸರ್ವರ್ ಬೂಟ್ ಆಗಲಿ ಎಂದು. ಅದರ ಬೆಲೆ ಹೀಗಿದೆ. ರೀಬೂಟ್ ಆಯಿತು, ಮೌಂಟ್ ಆಗಲಿಲ್ಲ, /ಎಂಎನ್‌ಟಿ/ಬ್ಯಾಕಪ್ ಎಂಬ ಖಾಲಿ ಡೈರೆಕ್ಟರಿ ಮಾತ್ರ ಅಲ್ಲೇ ಇದೆ. ರಾತ್ರಿ ಸ್ಕ್ರಿಪ್ಟ್ ಬಂದು 200 ಜಿಬಿಯನ್ನು ಅದರೊಳಗೆ, ಅಂದರೆ ರೂಟ್ ಡಿಸ್ಕ್‌ಗೆ, ಸುರಿಯುತ್ತದೆ. ಡಿಸ್ಕ್ ತುಂಬಿದರೆ ಡೇಟಾಬೇಸ್ ನಿಲ್ಲುತ್ತದೆ. ತುಂಬದಿದ್ದರೆ ಇನ್ನೂ ಕೆಟ್ಟದ್ದು: ಬ್ಯಾಕಪ್ ಡೇಟಾಬೇಸ್ ಇರುವ ಯಂತ್ರದಲ್ಲೇ ಕೂತಿರುತ್ತದೆ, ಎಲ್ಲರೂ ನಿಶ್ಚಿಂತರಾಗಿರುತ್ತಾರೆ. ಆಮೇಲೆ ಯಾರೋ ಮೌಂಟ್ ಮಾಡಿದರೆ ಆ ಫೈಲ್‌ಗಳು ಅದರಡಿ ಮುಚ್ಚಿಹೋಗಿ, ಜಾಗ ಎಲ್ಲಿ ಹೋಯಿತೆಂದು ಹುಡುಕುವ ಕೆಲಸ ಬೇರೆ.

ಮೂರು ಬೇಲಿ ಹಾಕಿ. ಮೌಂಟ್ ಮಾಡುವ ಮೊದಲು ಖಾಲಿ ಡೈರೆಕ್ಟರಿಗೆ ಚಾಟ್ರ್ +ಐ ಕೊಡಿ. ಆಗ ಮೌಂಟ್ ಇಲ್ಲದಿದ್ದರೆ ರೂಟ್ ಕೂಡ ಅದರಲ್ಲಿ ಫೈಲ್ ಮಾಡಲಾರ. ಸ್ಕ್ರಿಪ್ಟ್‌ನ ಮೊದಲ ಸಾಲುಗಳಲ್ಲೇ ಮೌಂಟ್‌ಪಾಯಿಂಟ್ -ಕ್ಯೂ /ಎಂಎನ್‌ಟಿ/ಬ್ಯಾಕಪ್ ಪರೀಕ್ಷಿಸಿ, ವಿಫಲವಾದರೆ ದೋಷದೊಂದಿಗೆ ಹೊರಬನ್ನಿ. ಸಿಸ್ಟಮ್‌ಡಿ ಟೈಮರ್ ಬಳಸುವುದಾದರೆ ಸರ್ವಿಸ್ ಫೈಲ್‌ನಲ್ಲಿ ರಿಕ್ವೈರ್ಸ್‌ಮೌಂಟ್ಸ್‌ಫಾರ್= ಸಾಲು ಸೇರಿಸಿ. ಮೂರರಲ್ಲಿ ಒಂದನ್ನೇ ಹಾಕುವಷ್ಟು ಸೋಮಾರಿತನವಿದ್ದರೆ ಮೊದಲನೆಯದನ್ನು ಹಾಕಿ. ಅದು ಸ್ಕ್ರಿಪ್ಟ್ ಬರೆದವರ ಮರೆವಿನಿಂದಲೂ ಕಾಪಾಡುತ್ತದೆ.

ಬರೆಯುವ ಕ್ರಮ

ಪೋಸ್ಟ್‌ಗ್ರೆಸ್‌ನ ಬ್ಯಾಕಪ್ ಉಪಕರಣವಾದ ಪಿಜಿ_ಡಂಪ್‌ನ ಔಟ್‌ಪುಟನ್ನು ಪೈಪ್ ಮೂಲಕ ಜಿಜಿಪ್‌ಗೆ ಕೊಟ್ಟು ಫೈಲ್‌ಗೆ ಬರೆದರೆ, ಶೆಲ್ ನೋಡುವುದು ಕೊನೆಯ ಜಿಜಿಪ್‌ನ ಫಲಿತಾಂಶವನ್ನು ಮಾತ್ರ. ಪಿಜಿ_ಡಂಪ್ ಅರ್ಧಕ್ಕೆ ಸತ್ತರೂ ಜಿಜಿಪ್ ಸಂತೋಷದಿಂದ ಮುಗಿಸಿ ಸೊನ್ನೆ, ಅಂದರೆ ಯಶಸ್ಸು, ಕೊಡುತ್ತದೆ. ಬ್ಯಾಶ್ ಸ್ಕ್ರಿಪ್ಟ್‌ನಲ್ಲಿ ಸೆಟ್ -ಇ ಜೊತೆ ಸೆಟ್ -ಒ ಪೈಪ್‌ಫೇಲ್ ಇರಲೇಬೇಕು. ಪೈಪ್ ಬೇಡವೆಂದರೆ ಪಿಜಿ_ಡಂಪ್ -ಎಫ್‌ಸಿ (ಎಫ್ ದೊಡ್ಡಕ್ಷರ) ತಾನೇ ಒತ್ತಿ ಬರೆಯುತ್ತದೆ. ಡೈರೆಕ್ಟರಿ ಸ್ವರೂಪ ಆರಿಸಿ -ಜೆ 4 ಕೊಟ್ಟರೆ ನಾಲ್ಕು ಟೇಬಲ್‌ಗಳು ಒಟ್ಟಿಗೆ ಸಾಗುತ್ತವೆ. ಮೈಎಸ್‌ಕ್ಯೂಎಲ್ ಆದರೆ ಇನೊಡಿಬಿ ಟೇಬಲ್‌ಗಳಿಗೆ ಮೈಎಸ್‌ಕ್ಯೂಎಲ್‌ಡಂಪ್ ಜೊತೆ ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆ ಮರೆಯಬೇಡಿ.

ಎನ್‌ಎಫ್‌ಎಸ್ ಮೇಲೆ ಜಾಗ ಮುಗಿದ ಸುದ್ದಿ ಬರೆಯುವ ಗಳಿಗೆಯಲ್ಲೇ ಬರಬೇಕೆಂದಿಲ್ಲ. ಕ್ಲೈಂಟ್ ಮೊದಲು ತನ್ನ ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡು ಆಮೇಲೆ ಕಳಿಸುತ್ತದೆ, ಹಾಗಾಗಿ ದೋಷ ಕಾಣುವುದು ಫೈಲ್ ಮುಚ್ಚುವಾಗ ಅಥವಾ ಎಫ್‌ಸಿಂಕ್ (ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಇಳಿಸುವ ಕರೆ) ಮಾಡುವಾಗ. ಆದ್ದರಿಂದ ಕ್ರಮ ಹೀಗಿರಲಿ: ತಾತ್ಕಾಲಿಕ ಹೆಸರಿನಲ್ಲಿ ಬರೆಯಿರಿ, ಆ ಫೈಲ್ ಮೇಲೆ ಸಿಂಕ್ ಆಜ್ಞೆ ಓಡಿಸಿ, ಎಸ್‌ಎಚ್‌ಎ256 ಮೊತ್ತ (ಫೈಲ್ ಬದಲಾದರೆ ತಾನೂ ಬದಲಾಗುವ ಗುರುತು) ತೆಗೆಯಿರಿ, ಕೊನೆಗೆ ಅದೇ ಡೈರೆಕ್ಟರಿಯೊಳಗೆ ನಿಜವಾದ ಹೆಸರಿಗೆ ಬದಲಿಸಿ. ಹೆಸರು ಬದಲಾವಣೆ ಒಂದೇ ಏಟಿಗೆ ಆಗುವ ಕೆಲಸ, ಹಾಗಾಗಿ ನಿಜವಾದ ಹೆಸರಿನ ಫೈಲ್ ಇದೆಯೆಂದರೆ ಅದು ಪೂರ್ತಿ ಇದೆ ಎಂದೇ. ಹಳೆಯವನ್ನು ಅಳಿಸುವ ಸಾಲು ಇವೆಲ್ಲವುಗಳ ನಂತರ ಬರಲಿ. ಪಿಜಿ_ಬೇಸ್‌ಬ್ಯಾಕಪ್ (ಡೇಟಾಬೇಸ್‌ನ ಫೈಲ್‌ಗಳನ್ನೇ ಪ್ರತಿ ಮಾಡುವ ಉಪಕರಣ) ಬಳಸುವವರಿಗೆ 13ನೇ ಆವೃತ್ತಿಯಿಂದ ಪಿಜಿ_ವೆರಿಫೈಬ್ಯಾಕಪ್ ಇದೆ, ಮ್ಯಾನಿಫೆಸ್ಟ್ ನೋಡಿ ಪ್ರತಿ ಫೈಲನ್ನೂ ತಾಳೆ ಹಾಕುತ್ತದೆ.

ವಾಲ್ ಆರ್ಕೈವ್‌ನಲ್ಲಿ ಹಾರ್ಡ್ ಮೌಂಟ್ ಇನ್ನೊಂದು ಮುಖ ತೋರಿಸುತ್ತದೆ. ಸ್ಟೋರೇಜ್ ಉತ್ತರಿಸದಿದ್ದರೆ ಆರ್ಕೈವ್_ಕಮಾಂಡ್ (ವಾಲ್ ಫೈಲ್‌ಗಳನ್ನು ಕಳಿಸುವ ಆಜ್ಞೆ) ನಿಂತುಬಿಡುತ್ತದೆ, ಕಳಿಸದ ವಾಲ್ ಫೈಲ್‌ಗಳು ಪಿಜಿ_ವಾಲ್ ಡೈರೆಕ್ಟರಿಯಲ್ಲಿ ಗುಡ್ಡೆಯಾಗುತ್ತವೆ, ಡಿಸ್ಕ್ ತುಂಬಿದಾಗ ಪೋಸ್ಟ್‌ಗ್ರೆಸ್ ಪ್ಯಾನಿಕ್ ಆಗಿ ನಿಲ್ಲುತ್ತದೆ. ಬ್ಯಾಕಪ್ ಸ್ಟೋರೇಜ್ ಹೋಗಿ ಡೇಟಾಬೇಸನ್ನೂ ಎಳೆದುಕೊಂಡು ಹೋದಂತೆ. ಪಿಜಿ_ವಾಲ್‌ಗೆ ಕನಿಷ್ಠ ಒಂದು ದಿನದ ವಾಲ್ ಹಿಡಿಯುವಷ್ಟು ಜಾಗ ಕೊಡುವುದು ಮೊದಲ ಪರಿಹಾರ. ವಾರಾಂತ್ಯದಲ್ಲಿ ಯಾರೂ ನೋಡುವವರಿಲ್ಲದಿದ್ದರೆ ಮೂರು ದಿನದ್ದು.

ಎರಡನೆಯದು ಆರ್ಕೈವ್ ಆಜ್ಞೆಗೆ ಗಡುವು ಹಾಕುವುದು: ಟೈಮ್‌ಔಟ್ -ಎಸ್ ಕಿಲ್ 60. ಇಲ್ಲೊಂದು ಸೂಕ್ಷ್ಮವಿದೆ. ಕಿಲ್ ಆದಾಗ ಟೈಮ್‌ಔಟ್ ಕೊಡುವ ಸಂಖ್ಯೆ 137. ಆರ್ಕೈವ್ ಆಜ್ಞೆ 125ಕ್ಕಿಂತ ಹೆಚ್ಚಿನ ಸಂಖ್ಯೆ ಕೊಟ್ಟರೆ ಪೋಸ್ಟ್‌ಗ್ರೆಸ್‌ನ ಆರ್ಕೈವರ್ ಪ್ರಕ್ರಿಯೆಯೇ ಬಿದ್ದು ಮತ್ತೆ ಏಳುತ್ತದೆ, ಆ ವೈಫಲ್ಯ ಪಿಜಿ_ಸ್ಟಾಟ್_ಆರ್ಕೈವರ್ ಎಂಬ ಅಂಕಿಅಂಶದ ಪಟ್ಟಿಯ ಎಣಿಕೆಗೆ ಸೇರುವುದೇ ಇಲ್ಲ. ನೀವು ಆ ಎಣಿಕೆಯನ್ನೇ ನಂಬಿ ಅಲಾರಂ ಇಟ್ಟಿದ್ದರೆ ಅದು ಮೌನವಾಗಿರುತ್ತದೆ. ಆಜ್ಞೆಯನ್ನು ಒಂದು ಸಣ್ಣ ಸ್ಕ್ರಿಪ್ಟ್‌ನೊಳಗೆ ಇಟ್ಟು ಯಾವ ವೈಫಲ್ಯಕ್ಕೂ 1 ಎಂದೇ ಹೊರಬರುವಂತೆ ಮಾಡಿ.

ಅದೇ ಸ್ಕ್ರಿಪ್ಟ್‌ಗೆ ಇನ್ನೊಂದು ಕೆಲಸ: ಗುರಿಯಲ್ಲಿ ಆ ಹೆಸರಿನ ಫೈಲ್ ಆಗಲೇ ಇದ್ದರೆ ಅದರ ಮೇಲೆ ಬರೆಯಬಾರದು. ಹೋಲಿಸಿ ನೋಡಿ, ಎರಡೂ ಒಂದೇ ಇದ್ದರೆ ಯಶಸ್ಸು ಎನ್ನಿ, ಬೇರೆಯಿದ್ದರೆ ವೈಫಲ್ಯ ಎನ್ನಿ. ಬರೀ "ಇದ್ದರೆ ವಿಫಲ" ಎಂದು ಬರೆದರೆ, ಪ್ರತಿ ಮುಗಿದು ಉತ್ತರ ಬರುವ ಮೊದಲು ಯಂತ್ರ ಬಿದ್ದಾಗ ಅದೇ ಫೈಲ್‌ನಲ್ಲಿ ಆರ್ಕೈವ್ ಶಾಶ್ವತವಾಗಿ ಸಿಕ್ಕಿಕೊಳ್ಳುತ್ತದೆ.

ಮೊದಲ ಅಳತೆ

ಹೊಂದಿಸಿದ ದಿನವೇ ಅಳೆದು ಬರೆದಿಡಿ. ಆರು ತಿಂಗಳ ನಂತರ "ನಿಧಾನವಾಗಿದೆ" ಎಂದು ಯಾರಾದರೂ ಹೇಳಿದಾಗ ಹೋಲಿಸಲು ಬೇರೇನೂ ಇರುವುದಿಲ್ಲ. ಮೂರು ಅಳತೆ, ಇದೇ ಕ್ರಮದಲ್ಲಿ. ಐಪರ್ಫ್3ರಿಂದ ಬರೀ ನೆಟ್‌ವರ್ಕ್. ಸ್ಟೋರೇಜ್ ಸರ್ವರ್‌ನಲ್ಲೇ ಕೂತು ಎಫ್‌ಐಒದಿಂದ ಬರೀ ಡಿಸ್ಕ್. ಕೊನೆಗೆ ಡೇಟಾಬೇಸ್ ಸರ್ವರ್‌ನಿಂದ ಎನ್‌ಎಫ್‌ಎಸ್ ಮೂಲಕ ಅದೇ ಎಫ್‌ಐಒ. ಮೂರನೆಯದು ಮೊದಲೆರಡರಲ್ಲಿ ಕಡಿಮೆಯಿರುವುದರ ಹತ್ತಿರ ಬರಬೇಕು. ಬರದಿದ್ದರೆ ತೊಂದರೆ ಎನ್‌ಎಫ್‌ಎಸ್ ಸೆಟ್ಟಿಂಗ್‌ನಲ್ಲಿದೆ.

ಎಫ್‌ಐಒಗೆ ರೈಟ್ ಮಾದರಿ, 1 ಎಂಬಿ ಬ್ಲಾಕ್, ಯಂತ್ರದ ರ್ಯಾಮ್‌ಗಿಂತ ದೊಡ್ಡ ಫೈಲ್, ಎಂಡ್_ಎಫ್‌ಸಿಂಕ್=1 ಕೊಡಿ. ಕೊನೆಯದನ್ನು ಬಿಟ್ಟರೆ ಅಳೆಯುವುದು ರ್ಯಾಮ್‌ನ ವೇಗವನ್ನು. /ಡೆವ್/ಜೀರೋದಿಂದ ಡಿಡಿ ಮಾಡಿ ಸೆಕೆಂಡಿಗೆ 2 ಜಿಬಿ ಬಂತೆಂದು ಹಿಗ್ಗುವವರಿದ್ದಾರೆ. ಜೆಡ್‌ಎಫ್‌ಎಸ್ ಸೊನ್ನೆಗಳನ್ನು ಒತ್ತಿ ಏನೂ ಇಲ್ಲದಂತೆ ಮಾಡಿರುತ್ತದೆ, ಡಿಸ್ಕ್‌ಗೆ ಕೆಲಸವೇ ಬಿದ್ದಿರುವುದಿಲ್ಲ.

ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಮಾಡಿದ್ದರೆ ದಾರಿಯ ಪ್ರತಿ ಸ್ವಿಚ್ಚೂ ಅದನ್ನು ಒಪ್ಪಬೇಕು. ಪಿಂಗ್‌ಗೆ -ಎಂ ಡು -ಎಸ್ 8972 (ಎಂ ದೊಡ್ಡಕ್ಷರ, ಎಸ್ ಸಣ್ಣಕ್ಷರ) ಕೊಟ್ಟು ನೋಡಿ. ಉಳಿದ 28 ಬೈಟ್ ಹೆಡರ್‌ಗಳದ್ದು. ಇದು ಹೋಗದಿದ್ದರೆ ವಿಚಿತ್ರ ಕಾಯಿಲೆ ಬರುತ್ತದೆ: ಮೌಂಟ್ ಆಗುತ್ತದೆ, ಎಲ್‌ಎಸ್ ಓಡುತ್ತದೆ, ದೊಡ್ಡ ಫೈಲ್ ಬರೆಯಲು ಹೊರಟರೆ ಎಲ್ಲ ನಿಂತುಬಿಡುತ್ತದೆ. ಸಣ್ಣ ಪ್ಯಾಕೆಟ್‌ಗಳು ದಾಟುತ್ತವೆ, ದೊಡ್ಡವು ದಾರಿಯಲ್ಲೇ ಬೀಳುತ್ತವೆ.

ದಿನದಿನದ ಗಮನಿಕೆ

ಕ್ಲೈಂಟ್‌ನಲ್ಲಿ ಎನ್‌ಎಫ್‌ಎಸ್‌ಐಒಸ್ಟಾಟ್ 5 /ಎಂಎನ್‌ಟಿ/ಬ್ಯಾಕಪ್ ಓಡಿಸಿ. ಮೊದಲು ಬರುವ ಪಟ್ಟಿ ಮೌಂಟ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ, ಅದನ್ನು ಬಿಟ್ಟು ಎರಡನೆಯದರಿಂದ ಓದಿ. ನೋಡಬೇಕಾದ್ದು ನಾಲ್ಕು: ಪ್ರತಿ ಕಾರ್ಯಕ್ಕೆ ಎಷ್ಟು ಕೆಬಿ, ಮರುಕಳಿಕೆಯ ಸಂಖ್ಯೆ, ಆರ್‌ಟಿಟಿ, ಎಕ್ಸ್‌ಇ.

ಪ್ರತಿ ಬರಹ 1,024 ಕೆಬಿ ಹತ್ತಿರ ಇರಬೇಕು. 4, 16 ಹೀಗೆ ಕಂಡರೆ ಯಾರೋ ಮೌಂಟ್‌ಗೆ ಸಿಂಕ್ ಹಾಕಿದ್ದಾರೆ, ಅಥವಾ ಪ್ರೋಗ್ರಾಂ ತುಣುಕು ತುಣುಕಾಗಿ ಬರೆದು ಪ್ರತಿ ಸಲ ಎಫ್‌ಸಿಂಕ್ ಮಾಡುತ್ತಿದೆ. ಆರ್‌ಟಿಟಿ ಎಂದರೆ ಕೋರಿಕೆ ತಂತಿಗೆ ಇಳಿದು ಉತ್ತರ ಬರುವವರೆಗಿನ ಮಿಲಿಸೆಕೆಂಡ್. ಎಕ್ಸ್‌ಇ ಎಂದರೆ ಅದಕ್ಕೆ ಕ್ಲೈಂಟ್‌ನ ಸಾಲಿನಲ್ಲಿ ಕಾದದ್ದನ್ನೂ ಸೇರಿಸಿ. ಬರಿ ಆರ್‌ಟಿಟಿ ಹೆಚ್ಚಿದೆ ಎಂದು ಗಾಬರಿಯಾಗಬೇಡಿ. 1 ಎಂಬಿ ತುಂಡು 1 ಗಿಗಾಬಿಟ್ ತಂತಿ ದಾಟಲೇ 9 ಮಿಲಿಸೆಕೆಂಡ್ ಬೇಕು, ಹತ್ತಾರು ತುಂಡುಗಳು ಸಾಲಾಗಿ ಹೊರಟಾಗ 50, 100 ಸಹಜ. ಹೋಲಿಸಬೇಕಾದ್ದು ಮೊದಲ ದಿನದ ಅಳತೆಯೊಂದಿಗೆ. ಆರ್‌ಟಿಟಿ ಏರಿದ್ದರೆ ನೆಟ್‌ವರ್ಕ್ ಅಥವಾ ಸರ್ವರ್ ಡಿಸ್ಕ್ ನೋಡಿ. ಆರ್‌ಟಿಟಿ ಹಾಗೇ ಇದ್ದು ಎಕ್ಸ್‌ಇ ಮಾತ್ರ ಏರಿದ್ದರೆ ಕ್ಲೈಂಟ್ ತಾನೇ ಸಾಲು ಕಟ್ಟಿಸುತ್ತಿದೆ, ಎನ್‌ಕನೆಕ್ಟ್ ನೆರವಾಗುವುದು ಇಲ್ಲಿ. ಟಿಸಿಪಿ ಮೇಲೆ ಮರುಕಳಿಕೆ ಸೊನ್ನೆಯೇ ಇರಬೇಕು. ಟೈಮ್‌ಒ 600 ಇರುವಾಗ ಒಂದು ಮರುಕಳಿಕೆ ಎಂದರೆ ಪೂರ್ತಿ ಒಂದು ನಿಮಿಷ ಉತ್ತರವಿರಲಿಲ್ಲ, ಇಲ್ಲವೇ ಸಂಪರ್ಕ ಕಡಿದಿತ್ತು.

ಸರ್ವರ್ ಕಡೆ ಐಒಸ್ಟಾಟ್ -ಎಕ್ಸ್ 5. ಶೇಕಡಾ ಬಳಕೆಯ ಕಾಲಂ ರೇಡ್ ಮತ್ತು ಎಸ್‌ಎಸ್‌ಡಿಗಳಲ್ಲಿ ದಾರಿ ತಪ್ಪಿಸುತ್ತದೆ, 100 ಇದ್ದೂ ಇನ್ನಷ್ಟು ಹೊರಬಲ್ಲವು. ಬರಹದ ಕಾಯುವ ಸಮಯ ಮತ್ತು ಸಾಲಿನ ಉದ್ದ ನೋಡಿ. ಒಂದು ದಿನ ಇದ್ದಕ್ಕಿದ್ದಂತೆ ವೇಗ ಕುಸಿದು ಅಲ್ಲೇ ನಿಂತರೆ ರೇಡ್ ಕಾರ್ಡಿನ ಬ್ಯಾಟರಿ ಪರೀಕ್ಷಿಸಿ, ಅದು ಸತ್ತಾಗ ಕಾರ್ಡ್ ತನ್ನ ಬರಹದ ಕ್ಯಾಷ್ ಮುಚ್ಚುತ್ತದೆ. ತಿಂಗಳಿಗೊಮ್ಮೆ ಮಾತ್ರ ನಿಧಾನವಾದರೆ ಕ್ಯಾಲೆಂಡರ್ ನೋಡಿ: ಡೆಬಿಯನ್‌ನಲ್ಲಿ ಎಂಡಿ ರೇಡ್ ತಪಾಸಣೆ ಮೊದಲ ಭಾನುವಾರ, ಜೆಡ್‌ಎಫ್‌ಎಸ್ ಸ್ಕ್ರಬ್ ಎರಡನೇ ಭಾನುವಾರ ಶುರುವಾಗುತ್ತದೆ. ಪೂರ್ಣ ಬ್ಯಾಕಪನ್ನು ಬೇರೆ ದಿನಕ್ಕೆ ಸರಿಸಿದರೆ ಮುಗಿಯಿತು.

ಬ್ಯಾಕಪ್ ನಡೆಯುವಾಗ ಡೇಟಾಬೇಸೇ ತಡವರಿಸಿದರೆ ಕೊಳಕು ಪುಟಗಳ (ಮೆಮೊರಿಯಲ್ಲಿದ್ದು ಇನ್ನೂ ಹೊರಗೆ ಬರೆಯದ ಡೇಟಾ) ಮಿತಿ ನೋಡಿ. ವಿಎಂ.ಡರ್ಟಿ_ರೇಶಿಯೋ ಸಾಮಾನ್ಯವಾಗಿ ಶೇ 20. 256 ಜಿಬಿ ರ್ಯಾಮ್ ಇರುವ ಯಂತ್ರದಲ್ಲಿ ಸುಮಾರು 50 ಜಿಬಿ ಬರಹ ಮೆಮೊರಿಯಲ್ಲೇ ಕೂಡಿ, ನಂತರ ಒಮ್ಮೆಲೇ ತಂತಿಗೆ ನುಗ್ಗುತ್ತದೆ. ವಿಎಂ.ಡರ್ಟಿ_ಬ್ಯಾಕ್‌ಗ್ರೌಂಡ್_ಬೈಟ್ಸ್ 256 ಎಂಬಿ, ವಿಎಂ.ಡರ್ಟಿ_ಬೈಟ್ಸ್ 1 ಜಿಬಿ ಎಂದು ಬೈಟ್‌ಗಳಲ್ಲಿ ಕೊಟ್ಟರೆ ಹರಿವು ಸಮವಾಗುತ್ತದೆ. ಸಾಲದಿದ್ದರೆ ಪಿಜಿ_ಬೇಸ್‌ಬ್ಯಾಕಪ್‌ನ ಮ್ಯಾಕ್ಸ್-ರೇಟ್ ಇದೆ.

ಜಾಗ ನೋಡುವ ಸ್ಕ್ರಿಪ್ಟ್‌ನಲ್ಲಿ ಬರಿ ಡಿಎಫ್ ಬೇಡ. ಸ್ಟೋರೇಜ್ ಸತ್ತಾಗ ಡಿಎಫ್ ತಾನೂ ನೇತಾಡುತ್ತದೆ. ನಿಮಿಷಕ್ಕೊಂದರಂತೆ ನೇತಾಡುವ ಪ್ರಕ್ರಿಯೆಗಳು ಕೂಡುತ್ತವೆ, ಅಲಾರಂ ಮಾತ್ರ ಹೊಡೆಯುವುದಿಲ್ಲ. ಟೈಮ್‌ಔಟ್ -ಎಸ್ ಕಿಲ್ 10 ಜೊತೆ ಸ್ಟಾಟ್ -ಎಫ್ ಓಡಿಸಿ, ಗಡುವು ಮೀರಿದ್ದನ್ನೇ ಅಪಾಯ ಎಂದು ಎಣಿಸಿ. ಐನೋಡ್‌ಗಳನ್ನೂ (ಎಷ್ಟು ಫೈಲ್ ಇಡಬಹುದೆಂಬ ಮಿತಿ) ನೋಡಿ.

ಗಮನಿಕೆಗೆ ಪ್ರೊಮಿಥಿಯಸ್ ಎಂಬ ಉಪಕರಣ ಬಳಸುವುದಾದರೆ ನೋಡ್ ಎಕ್ಸ್‌ಪೋರ್ಟರ್‌ನ ಮೌಂಟ್‌ಸ್ಟಾಟ್ಸ್ ಸಂಗ್ರಾಹಕವನ್ನು ನೀವೇ ಆನ್ ಮಾಡಬೇಕು, ತಾನಾಗಿ ಬರುವುದಿಲ್ಲ. ಬ್ಯಾಕಪ್ ಸ್ಕ್ರಿಪ್ಟ್ ಕೊನೆಯಲ್ಲಿ ಮುಗಿದ ಸಮಯ, ಬೈಟ್‌ಗಳು, ಹಿಡಿದ ಸೆಕೆಂಡ್ ಮೂರನ್ನೂ ಟೆಕ್ಸ್ಟ್‌ಫೈಲ್ ಡೈರೆಕ್ಟರಿಗೆ ಬರೆಯಲಿ. ಅಲಾರಂ "ವಿಫಲವಾದಾಗ" ಎಂದಲ್ಲ, ದಿನಾ ಓಡುವ ಕೆಲಸಕ್ಕೆ "26 ಗಂಟೆಯಿಂದ ಯಶಸ್ಸು ಕಂಡಿಲ್ಲ" ಎಂದಿರಲಿ; ವಾರಕ್ಕೊಂದರದ್ದಾದರೆ ಅದಕ್ಕೆ ತಕ್ಕಷ್ಟು. ಸ್ಕ್ರಿಪ್ಟ್ ಶುರುವೇ ಆಗದ ದಿನವೂ ಅದು ಹೊಡೆಯುತ್ತದೆ. ಜೊತೆಗೆ ಆ ಮೆಟ್ರಿಕ್ಕೇ ಕಾಣೆಯಾದರೆ ಹೊಡೆಯುವ ಆಬ್ಸೆಂಟ್ ನಿಯಮ ಬೇಕು, ಇಲ್ಲದ ಸಂಖ್ಯೆಯನ್ನು ಯಾವ ಹೋಲಿಕೆಯೂ ಹಿಡಿಯಲಾರದು. ಹಿಂದಿನದಕ್ಕಿಂತ ಗಾತ್ರ ಮೂರನೇ ಒಂದು ಭಾಗ ಕುಗ್ಗಿದರೂ ಕೂಗಲಿ. ಪಿಜಿ_ಸ್ಟಾಟ್_ಆರ್ಕೈವರ್‌ನಿಂದ ವೈಫಲ್ಯದ ಎಣಿಕೆಗಿಂತ ಕೊನೆಯ ಆರ್ಕೈವ್ ಸಮಯವನ್ನು ನೋಡುವುದು ನಂಬಿಕಸ್ಥ ದಾರಿ.

"ಸ್ಟೇಲ್ ಫೈಲ್ ಹ್ಯಾಂಡಲ್" ಬಂದರೆ ಸರ್ವರ್‌ನಲ್ಲಿ ಆ ಫೈಲ್ ಸಿಸ್ಟಮ್ ಬದಲಾಗಿದೆ ಅಥವಾ ಮರುಸೃಷ್ಟಿಯಾಗಿದೆ. ಯುಮೌಂಟ್ -ಎಲ್ ಮಾಡಿ ಮತ್ತೆ ಮೌಂಟ್ ಮಾಡಿ; ಪದೇ ಪದೇ ಬಂದರೆ ಎಕ್ಸ್‌ಪೋರ್ಟ್ ಸಾಲಿನಲ್ಲಿ ಎಫ್‌ಎಸ್‌ಐಡಿ= ಸ್ಥಿರವಾಗಿ ಕೊಡಿ.

ರಿಸ್ಟೋರ್ ಗಡಿಯಾರ

ಮೂರು ತಿಂಗಳಿಗೊಮ್ಮೆಯಾದರೂ ಬೇರೊಂದು ಯಂತ್ರದಲ್ಲಿ ಪೂರ್ತಿ ರಿಸ್ಟೋರ್ ಮಾಡಿ ಸಮಯ ಹಿಡಿಯಿರಿ. ಬ್ಯಾಕಪನ್ನು ಅಲ್ಲಿ ಬರೀ ಓದುವಂತೆ, ಆರ್‌ಒ ಆಯ್ಕೆಯೊಂದಿಗೆ ಮೌಂಟ್ ಮಾಡಿ. ಪರೀಕ್ಷೆಯ ಕೈತಪ್ಪಿಗೆ ಅಸಲು ಬಲಿಯಾಗಬಾರದು. ನಿನ್ನೆ ರಾತ್ರಿ ಬರೆದ ಫೈಲ್‌ನ ಒಂದು ಭಾಗ ಸ್ಟೋರೇಜ್ ಸರ್ವರ್‌ನ ಮೆಮೊರಿಯಲ್ಲೇ ಬೆಚ್ಚಗೆ ಕೂತಿರುತ್ತದೆ, ಅದನ್ನು ಓದಿದರೆ ಸುಳ್ಳು ವೇಗ ಸಿಗುತ್ತದೆ. ಮೂರು ವಾರ ಹಳೆಯ ಪ್ರತಿಯನ್ನು ಆರಿಸಿ, ಅದರ ಮೇಲೆ ಈವರೆಗಿನ ಎಲ್ಲ ವಾಲ್ ಆಡಿಸಿ. ವಾಲ್ ಆಡಿಸುವುದು ಒಂದೇ ಪ್ರಕ್ರಿಯೆಯ ಕೆಲಸ, 16 ಎಂಬಿ ಫೈಲ್‌ಗಳನ್ನು ಒಂದೊಂದಾಗಿ ತರಿಸಿಕೊಳ್ಳುತ್ತದೆ. 600 ಜಿಬಿ ವಾಲ್ ಇದ್ದರೆ 37,500 ಫೈಲ್. ಬಹಳ ಸಲ ಪೂರ್ಣ ಪ್ರತಿ ಇಳಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಇದೇ. ಆ ಸಮಯ ನಿಮಗೆ ಒಗ್ಗದಿದ್ದರೆ ನೆಟ್‌ವರ್ಕ್ ಬದಲಿಸಿ ಉಪಯೋಗವಿಲ್ಲ, ಪೂರ್ಣ ಬ್ಯಾಕಪನ್ನು ವಾರಕ್ಕೊಂದರ ಬದಲು ಎರಡು ದಿನಕ್ಕೊಂದು ಮಾಡಿ, ಜಾಗದ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಿ.